ಒಂದ್ ಮಾತ ಕೇಳದ ಫಾರ್ಮ್ಯಾಟ್ ಹೊಡದ ಬಿಡ್ತಾರಲ್ರಿ!

"ಹಾರ್ಡ್ ಡಿಸ್ಕ್ ಹೋಗೈತ್ರಿ, ಫಾರ್ಮ್ಯಾಟ್ ಹೊಡದು ಹೊಸಾ ವಿಂಡೋಸ್ ಹಾಕಿ ಕೊಡ್ತೀನಿ, ಸಂಜಿಗೆ ಬರ್ರಿ." ಬೆಳಗಾವಿ, ಬಾಗಲಕೋಟಿ, ವಿಜಯಪುರ, ಎಲ್ಲಿ ಹೋದ್ರೂ ಕಂಪ್ಯೂಟರ್ ರಿಪೇರಿ ಅಂಗಡ್ಯಾಗ ಇದ ಮಾತು ಕೇಳಿ ಕೇಳಿ ತಲಿ ಕೆಟ್ಟೈತಿ. ಫಾರ್ಮ್ಯಾಟ್ ಅಂದ್ರ ಡಿಸ್ಕ್ ಖಾಲಿ ಮಾಡೂದು. ಒಳಗ ಏನೇನ ಐತಿ, ಬೇಕೋ ಬ್ಯಾಡೋ ಅಂತ ಕೇಳಾಕ ಏನ್ ರೋಗ? ಮದುವಿ ಫೋಟೊ, ತೀರಿಹೋದ ಅಜ್ಜಿ ಮಾತಾಡೂ ವಿಡಿಯೊ, ಸ್ಕ್ಯಾನ್ ಮಾಡಿಟ್ಟ ಹೊಲದ ಉತಾರ, ಮಂದಿ ಎಲ್ಲಾ ಡೆಸ್ಕ್‌ಟಾಪ್ ಮ್ಯಾಲ ಇಟ್ಟಿರ್ತಾರ. ಡೆಸ್ಕ್‌ಟಾಪ್ ಇರೂದು ವಿಂಡೋಸ್ ಇರೂ ಸಿ ಡ್ರೈವಿನ್ಯಾಗ ಅಂತ ಅವ್ರಿಗೆ ಗೊತ್ತಿರಂಗಿಲ್ಲ. ಅಂಗಡಿಯವಗ ಗೊತ್ತಿರ್ತೈತಲ್ಲ? ಗೊತ್ತಿದ್ದೂ ಸಿ ಡ್ರೈವ್ ಅಳಸಿ, "ಡಿ ಡ್ರೈವ್ ಮುಟ್ಟೇ ಇಲ್ರಿ" ಅಂತ ಕೈ ತೊಳ್ಕೋತಾನ.

ಕ್ವಿಕ್ ಫಾರ್ಮ್ಯಾಟ್ ಆದ್ರ ಫೈಲಿನ ಪಟ್ಟಿ ಅಷ್ಟ ಹೋಗ್ತೈತಿ, ಡೇಟಾ ಹಂಗ ಉಳದಿರ್ತೈತಿ. ಆದ್ರ ಕ್ವಿಕ್ ಅನ್ನೂ ಟಿಕ್ ತಗದು ಹೊಡದ್ರ, ವಿಸ್ಟಾದಿಂದ ಈಚೆ ಬಂದ ವಿಂಡೋಸ್ ಡಿಸ್ಕಿನ ತುಂಬ ಸೊನ್ನಿ ಬರೀತೈತಿ. ಆಮ್ಯಾಲ ಡೇಟಾ ತಗದ ಕೊಡೂ ಯಾವ ಲ್ಯಾಬಿಗೆ ಒಯ್ದ್ರೂ ಬರಂಗಿಲ್ಲ. ಎಸ್‌ಎಸ್‌ಡಿ (ತಿರಗೂ ತಟ್ಟಿ ಇಲ್ಲದ ಚಿಪ್ಪಿನ ಡಿಸ್ಕ್) ಇದ್ರ, ಅಳಸಿದ ಜಾಗ ತಾನ ಖಾಲಿ ಮಾಡೂ ಟ್ರಿಮ್‌ದಿಂದಾಗಿ ಕ್ವಿಕ್ ಫಾರ್ಮ್ಯಾಟ್ ಆದ್ರೂ ಹೋದಂಗ.

ಅಂಗಡಿಗೆ ಒಯ್ಯೂಕಿಂತ ಮದ್ಲ ಕಿವಿಗೊಟ್ಟು ಕೇಳ್ರಿ. ಟಕ್ ಟಕ್ ಅಂತಿದ್ರ ತಕ್ಷಣ ಪವರ್ ತಗೀರಿ. 5400 ಆರ್‌ಪಿಎಂ (ನಿಮಿಷಕ್ಕ 5400 ಸುತ್ತು) ಡಿಸ್ಕ್ ಸೆಕೆಂಡಿಗೆ 90 ಸುತ್ತು ತಿರಗ್ತೈತಿ; ಡೇಟಾ ಓದೂ ಹೆಡ್ ಮುರದು ತಾಗಿದ್ರ ಒಂದೊಂದು ಸುತ್ತಿಗೂ ಪ್ಲ್ಯಾಟರ್, ಅಂದ್ರ ಡೇಟಾ ಇರೂ ತಟ್ಟಿ, ಕೆರೀತೈತಿ. ಇದು ಮನಿ ಕೆಲಸ ಅಲ್ಲ. ಫ್ರಿಜ್ಜಿನ್ಯಾಗ ಇಡ್ರಿ ಅನ್ನಾವ್ರ ಮಾತು ಕೇಳಬ್ಯಾಡ್ರಿ, ಹೊರಗ ತಗದ ಕೂಡ್ಲೆ ಒಳಗ ನೀರಿನ ಪಸಿ ಕೂಡ್ತೈತಿ. ಡಿಸ್ಕಿನ ಮುಚ್ಚಳ ಅಂತೂ ಬಿಚ್ಚಲೇಬ್ಯಾಡ್ರಿ.

ಸಪ್ಪಳ ಇಲ್ಲ, ಬರೇ ನಿಧಾನ ಆಗೈತಿ, ಫೋಲ್ಡರ್ ತಗದ್ರ ಹ್ಯಾಂಗ್ ಆಗ್ತೈತಿ ಅಂದ್ರ ಮನ್ಯಾಗ ಮಾಡಬಹುದು. ಡಿಸ್ಕಿನ ಆರೋಗ್ಯ ತೋರಸೂ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನೂ ಸಾಫ್ಟ್‌ವೇರಿನ್ಯಾಗ ಸಿ5 ಸಾಲು ನೋಡ್ರಿ. ಸೊನ್ನಿ ಬಿಟ್ಟು ಬ್ಯಾರೆ ಅಂಕಿ ಇದ್ರ ಓದಾಕ ಬರದ ಸೆಕ್ಟರ್ (ಡಿಸ್ಕಿನ ಸಣ್ಣ ಸಣ್ಣ ತುಂಡು) ಅದಾವ. "ಫಾರ್ಮ್ಯಾಟ್ ಮಾಡ್ಬೇಕು" ಅಂತ ವಿಂಡೋಸ್ ಕೇಳಿದ್ರ ಕ್ಯಾನ್ಸಲ್ ಒತ್ತ್ರಿ. ಡಿಸ್ಕಿನ ತಪ್ಪು ತಿದ್ದೂ ವಿಂಡೋಸಿನ ಚೆಕ್‌ಡಿಸ್ಕ್ ಓಡಸಬ್ಯಾಡ್ರಿ, ಅದು ಸಾಯೂ ಡಿಸ್ಕಿನ ಮ್ಯಾಲ ಬರದು ಇದ್ದದ್ದೂ ಕೆಡಸ್ತೈತಿ.

ಲಿನಕ್ಸ್ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಚಾಲೂ ಮಾಡಿ, ಕೆಟ್ಟ ಡಿಸ್ಕ್ ನಕಲು ಮಾಡೂ ಡಿಡಿರೆಸ್ಕ್ಯೂ ಅನ್ನೂ ಸಾಫ್ಟ್‌ವೇರಿನಿಂದ ಪೂರ್ತಿ ಡಿಸ್ಕಿನ ನಕಲು ತಗೀರಿ. 1 ಟಿಬಿ ಡಿಸ್ಕಿಗೆ ಅದಕ್ಕಿಂತ ದೊಡ್ಡ ಡಿಸ್ಕ್ ಬೇಕು. ಎಲ್ಲಿತನಕ ನಕಲು ಆತು ಅಂತ ಬರದಿಡೂ ಮ್ಯಾಪ್ ಫೈಲಿನ ಹೆಸರು ಕೊಡೂದು ಮರೀಬ್ಯಾಡ್ರಿ, ನಡುವ ಕರೆಂಟ್ ಹೋದ್ರ ನಿಂತಲ್ಲಿಂದ ಮುಂದ ನಡಸಾಕ ಅದ ಆಧಾರ. ಮೊದಲ ಸುತ್ತು ಚಲೋ ಇದ್ದ ಜಾಗ ಅಷ್ಟ, ಕೆಟ್ಟ ಸೆಕ್ಟರ್‌ಗೆ ಎರಡನೇ ಸುತ್ತಿನ್ಯಾಗ ಮೂರು ಸಲ ಪ್ರಯತ್ನ. ಚಲೋ ಡಿಸ್ಕ್ ಆದ್ರ 1 ಟಿಬಿಗೆ ಮೂರು ತಾಸು, ಕೆಟ್ಟದ್ದಕ್ಕ ಎರಡ್ಮೂರು ದಿನಾನೂ ಹಿಡೀತೈತಿ. ಎಂಟರ್ ಒತ್ತೂಕಿಂತ ಮದ್ಲ ಡಿಸ್ಕಿನ ಚೀಟಿ ಮ್ಯಾಲಿನ ಸೀರಿಯಲ್ ನಂಬರ್ ಪರದೆ ಮ್ಯಾಲಿಂದಕ್ಕ ತಾಳೆ ಹಾಕಿ ನೋಡ್ರಿ. ಎರಡು ಡಿಸ್ಕ್ ಅದಲುಬದಲಾದ್ರ ಖಾಲಿ ಡಿಸ್ಕ್ ನಿಮ್ಮ ಫೋಟೊದ ಮ್ಯಾಲ ಬರದು ಹೋಗ್ತೈತಿ.

ಮುಂದಿನ ಕೆಲಸ ಎಲ್ಲಾ ನಕಲಿನ ಮ್ಯಾಲ. ಫೈಲ್ ವಾಪಸ್ ತಗಿಯೂ ಸಾಫ್ಟ್‌ವೇರ್ ಎರಡು ಅದಾವ: ಮದ್ಲ ಟೆಸ್ಟ್‌ಡಿಸ್ಕ್, ಆಗಲಿಲ್ಲ ಅಂದ್ರ ಫೋಟೊರೆಕ್. ಫೋಟೊರೆಕ್ ಹೆಸರು, ಫೋಲ್ಡರ್ ಉಳಸಂಗಿಲ್ಲ, ಆದ್ರ ಅಜ್ಜಿ ಮಾರಿ ಸಿಗ್ತೈತಿ.

ಅಂಗಡಿಗೆ ಕೊಡೂದ ಆದ್ರ ಚೀಟಿ ಮ್ಯಾಲ ಬರಸ್ರಿ: "ಡೇಟಾ ಬೇಕು, ಫಾರ್ಮ್ಯಾಟ್ ಮಾಡಬಾರದು." ಹೊಸಾ ಡಿಸ್ಕ್ ಹಾಕಿಸಿದ್ರ ಹಳೇದು ಕೇಳಿ ಇಸ್ಕೊಳ್ರಿ. ರೊಕ್ಕ ಕೊಟ್ಟು ತಗೊಂಡಿದ್ದು ನೀವು, ಅವ ಅಲ್ಲ.