ಇಥಿಯೋಪಿಯಾದಲ್ಲಿ ಏನೂ ಬೆಳೆಯಲ್ಲ ಅನ್ನೋದು ಸುಳ್ಳು

ನಮ್ಮ ಚಿಕ್ಕಮಗಳೂರು ಕಡೆ ಬೆಳೆಗಾರರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ, ಎಲುಬು ಕಾಣೋ ಮಗುವಿನ ಫೋಟೋ ಹಾಕಿ "ಇಥಿಯೋಪಿಯಾ ಪೂರ್ತಿ ಮರುಭೂಮಿ, ಅಲ್ಲಿ ಏನೂ ಬೆಳೆಯಲ್ಲ" ಅಂತ. ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ.

1984ರಲ್ಲಿ ಭೀಕರ ಬರ ಬಂದು ಲಕ್ಷಾಂತರ ಜನ ಸತ್ತಿದ್ದು ನಿಜ, ಆದ್ರೆ ಅದು ಮುಖ್ಯವಾಗಿ ಉತ್ತರದ ಟಿಗ್ರಾಯ್, ವೊಲ್ಲೊ ಕಡೆ, ಮಳೆ ಕೈಕೊಟ್ಟಿದ್ರ ಜೊತೆ ಅಂತರ್ಯುದ್ಧನೂ ಸೇರಿ ಆಗಿದ್ದು, ಬಿಬಿಸಿ ಅವತ್ತು ಆ ಬರ ತೋರಿಸಿದ್ರಲ್ಲಿ ತಪ್ಪಿಲ್ಲ, ಆದ್ರೆ ಆಮೇಲೂ ವಿದೇಶಿ ಟಿವಿಗಳು ವರ್ಷಗಟ್ಟಲೆ ಅಂಥದ್ದನ್ನೇ ತೋರಿಸಿ ತೋರಿಸಿ ಇಡೀ ದೇಶ ಅಂದ್ರೆ ಅಷ್ಟೇ ಅಂತ ನಮ್ಮ ತಲೇಲೂ ಕೂತ್ಬಿಟ್ಟಿದೆ.

ಡನಾಕಿಲ್ ಮರುಭೂಮಿ ಇದೆ, ಇಲ್ಲ ಅನ್ನಲ್ಲ. ಆದ್ರೆ ನೈರುತ್ಯದ ಕಾಫಾ ಕಡೆ ದಟ್ಟ ಕಾಡು, ದೊಡ್ಡ ಮರಗಳ ನೆರಳಲ್ಲಿ ಅರೇಬಿಕಾ ಕಾಫಿ ತಾನಾಗೇ ಹುಟ್ಟಿ ಬೆಳೆಯುತ್ತೆ. ಬಾಬಾಬುಡನ್ ಯೆಮನ್‌ನಿಂದ ಬೀಜ ತಂದ್ರು ಅಂತೀವಲ್ಲ, ಯೆಮನ್‌ಗೆ ಆ ಗಿಡ ಹೋಗಿದ್ದೇ ಇಥಿಯೋಪಿಯಾದಿಂದ. ಇವತ್ತಿಗೂ ಆಫ್ರಿಕಾದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯೋರು ಅವರೇ. ಮನೆಗೆ ನೆಂಟರು ಬಂದ್ರೆ ಹಸಿ ಬೀಜನ ಅವರೆದುರೇ ಹುರಿದು, ಕುಟ್ಟಿ, ಜೆಬೆನಾ ಅನ್ನೋ ಮಣ್ಣಿನ ಹೂಜಿಲಿ ಕುದಿಸಿ ಮೂರು ಸುತ್ತು ಕೊಡ್ತಾರೆ.

ಅರೇಬಿಕಾ ತೋಟ ಇಟ್ಕೊಂಡಿರೋ ನಾವೇ ಅವರ ಬಗ್ಗೆ ಹಿಂಗೆ ಹಬ್ಬಿಸೋದು ನೋಡಿ ತುಂಬಾ ಬೇಜಾರಾಯ್ತು. ಗ್ರೂಪ್ ಅಡ್ಮಿನ್‌ಗಳು ಆ ಮೆಸೇಜ್ ಡಿಲೀಟ್ ಮಾಡಿ.