ಪೀಟರ್ ಫ್ರಾಂಪ್ಟನ್ ರಾತ್ರೋರಾತ್ರಿ ಗೆದ್ದವರಲ್ಲ: ಒಂದು ಸ್ಪಷ್ಟನೆ

ಹಂಬಲ್ ಪೈ ಎಂಬ ರಾಕ್ ಸಂಗೀತ ತಂಡವನ್ನು ಬಿಟ್ಟ ಕೂಡಲೇ ಗಿಟಾರ್ ವಾದಕ ಪೀಟರ್ ಫ್ರಾಂಪ್ಟನ್ ಒಂದೇ ಲೈವ್ ಆಲ್ಬಮ್‌ನಿಂದ ರಾತ್ರೋರಾತ್ರಿ ತಾರೆಯಾದರು ಎಂಬ ಮಾತು ಹರಿದಾಡುತ್ತಿದೆ. ಇದು ನಿಜವಲ್ಲ. ಅವರು ತಂಡ ತೊರೆದದ್ದು 1971ರಲ್ಲಿ. ಆ ಲೈವ್ ಆಲ್ಬಮ್ ‘ಫ್ರಾಂಪ್ಟನ್ ಕಮ್ಸ್ ಅಲೈವ್’ ಬಿಡುಗಡೆಯಾದದ್ದು 1976ರ ಜನವರಿಯಲ್ಲಿ. ಈ ನಡುವೆ, 1972ರಿಂದ 1975ರವರೆಗೆ, ವರ್ಷಕ್ಕೊಂದರಂತೆ ನಾಲ್ಕು ಸ್ಟುಡಿಯೊ ಆಲ್ಬಮ್‌ಗಳನ್ನು ಹೊರತಂದು, ಊರೂರು ಸುತ್ತಿ ಕಛೇರಿ ನೀಡಿದ ಅವರ ದುಡಿಮೆಯನ್ನು ಮರೆಮಾಚುವುದು ಕಲಾವಿದನಿಗೆ ಮಾಡುವ ಅನ್ಯಾಯವೇ ಸರಿ. ಲೈವ್ ಆಲ್ಬಮ್‌ನ ಹೆಸರಾಂತ ಹಾಡುಗಳೂ ಹೊಸವಲ್ಲ: ಬಾಯಿಗಿಟ್ಟ ಕೊಳವೆಯ ಮೂಲಕ ಗಿಟಾರಿನ ನಾದವನ್ನು ಮಾತಿನಂತೆ ತಿದ್ದುವ ಟಾಕ್ ಬಾಕ್ಸ್ ಬಳಸಿದ ‘ಶೋ ಮಿ ದ ವೇ’ 1975ರ ಸ್ಟುಡಿಯೊ ಆಲ್ಬಮ್‌ನಲ್ಲಿಯೇ ಇತ್ತು, ‘ಡೂ ಯು ಫೀಲ್ ಲೈಕ್ ವಿ ಡೂ’ 1973ರಷ್ಟು ಹಳೆಯದು.