ಬೋರ್ಡ್ ಹಾಕಿದರೆ ಸಾಕಾ?

ಫೆಬ್ರವರಿ 28ರ ವಿಜ್ಞಾನ ದಿನ ಬಂತೆಂದರೆ ನಮ್ಮ ಉಡುಪಿ, ಮಣಿಪಾಲ ಕಡೆ ಲ್ಯಾಬ್ ತೋರಿಸುವ ಗೌಜಿ. ಪಿಯು ಮಕ್ಕಳು, ಹಿಂದೆಯೇ ಅಪ್ಪ ಅಮ್ಮ. ಬರಲಿ, ಒಳ್ಳೆಯದೇ. ಆದರೆ ಎನ್‌ಎಂಆರ್ (ಭಾರೀ ಶಕ್ತಿಯ ಮ್ಯಾಗ್ನೆಟ್ ಇಟ್ಟು ಅಣುಗಳ ರಚನೆ ನೋಡುವ ಯಂತ್ರ) ರೂಮಿನ ಬಾಗಿಲಿಗೆ ಎಚ್ಚರಿಕೆಯ ಹಳದಿ ಬೋರ್ಡ್ ಅಂಟಿಸಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈ ಮ್ಯಾಗ್ನೆಟ್ಟನ್ನು ಸಂಜೆ ಆಫ್ ಮಾಡಿ ಮನೆಗೆ ಹೋಗುವುದಿಲ್ಲ. ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿದ ಸುರುಳಿಯಲ್ಲಿ ಕರೆಂಟ್ ತನ್ನಷ್ಟಕ್ಕೆ ಸುತ್ತುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಊರಿಗೆಲ್ಲ ಕರೆಂಟ್ ಹೋದರೂ ಅದು ಹೋಗುವುದಿಲ್ಲ. ಸದ್ದೂ ಇಲ್ಲದ್ದರಿಂದ ಬಂದವರು ಆಫ್ ಇದೆ ಅಂದುಕೊಳ್ತಾರೆ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿಕ ಆಕ್ಸಿಜನ್ ಸಿಲಿಂಡರ್ ಹಿಡಿದು, ಇಂಥದೇ ಮ್ಯಾಗ್ನೆಟ್ ಇರುವ ಎಂಆರ್‌ಐ ಸ್ಕ್ಯಾನಿಂಗ್ ರೂಮಿಗೆ ಹೋಗಿ ಜೀವ ಕಳೆದುಕೊಂಡರು. ಮೆಷಿನ್ ಆಫ್ ಇದೆ ಅಂತ ಸಿಬ್ಬಂದಿಯೇ ಹೇಳಿದ್ದರು ಎಂದು ಮನೆಯವರು ದೂರಿದ್ದರು.

'ಲೋಹದ ವಸ್ತು ತರಬೇಡಿ' ಅನ್ನುತ್ತದೆ ಬೋರ್ಡ್. ಓದಿದ ಹೆಂಗಸರು ಮೊದಲು ಮುಟ್ಟಿ ನೋಡುವುದು ಕರಿಮಣಿಯನ್ನು. ಚಿನ್ನವನ್ನು ಮ್ಯಾಗ್ನೆಟ್ ಎಳೆಯುವುದಿಲ್ಲ ಮಾರಾಯ್ರೆ! ಎಳೆಯುವುದು ಆ ಕರಿಮಣಿಗೇ ಸಿಕ್ಕಿಸಿಕೊಂಡ ಸೇಫ್ಟಿ ಪಿನ್ನುಗಳನ್ನು, ಮಲ್ಲಿಗೆ ಮುಡಿಯಲು ಚುಚ್ಚಿದ ಹೇರ್‌ಪಿನ್ನನ್ನು. ಅದನ್ನು ಯಾರೂ ಲೋಹ ಅಂತ ಲೆಕ್ಕಕ್ಕೇ ಇಡುವುದಿಲ್ಲ. ಬೋರ್ಡಿನ ಬದಲು ಬಾಗಿಲಲ್ಲಿ ಒಬ್ಬರು ನಿಂತು 'ಪಿನ್ ಇದೆಯಾ ಅಕ್ಕಾ?' ಅಂತ ಕೇಳಬೇಕು.

ಪೇಸ್‌ಮೇಕರ್ ವಿಷಯವೂ ಹಾಗೇ. ನೆಲದ ಮೇಲೆ 5 ಗಾಸ್ (ಗಾಸ್ ಅಂದರೆ ಮ್ಯಾಗ್ನೆಟ್ಟಿನ ಬಲದ ಅಳತೆ) ಗೆರೆ ಎಳೆದಿರುತ್ತಾರೆ, ಅದರೊಳಗೆ ಪೇಸ್‌ಮೇಕರ್ ಇದ್ದವರು ಬರಬಾರದು. 400 ಮೆಗಾಹರ್ಟ್ಸ್ ಅಂತ ಕರೆಯುವ ಎನ್‌ಎಂಆರ್ ಯಂತ್ರದ ನಡುವೆ ಇರುವುದು 94,000 ಗಾಸ್. ಆದರೆ ಮಕ್ಕಳ ಗುಂಪಿನ ಎದುರು 'ಹಾರ್ಟ್ ಪ್ರಾಬ್ಲಂ ಇದ್ದವರು ಕೈ ಎತ್ತಿ' ಅಂದರೆ ಯಾವ ಅಜ್ಜ ಕೈ ಎತ್ತುತ್ತಾರೆ? ಹೊರಗೇ, ಒಬ್ಬೊಬ್ಬರನ್ನೇ ಮೆಲ್ಲ ಕೇಳಬೇಕು.

ಈಗಿನ ಮ್ಯಾಗ್ನೆಟ್‌ಗಳಿಗೆ ಶೀಲ್ಡಿಂಗ್, ಅಂದರೆ ಸೆಳೆತ ದೂರಕ್ಕೆ ಹರಡದಂತೆ ತಡೆ ಇದೆ, ಹೆದರಬೇಡಿ ಅನ್ನುವವರಿದ್ದಾರೆ. ನನಗೆ ಅದೇ ಹೆದರಿಕೆ. ದಾರಕ್ಕೊಂದು ಪಿನ್ ಕಟ್ಟಿ ಹತ್ತಿರ ಒಯ್ದರೆ, ಬಹಳ ಹೊತ್ತು ಸುಮ್ನೆ ನೇತಾಡುತ್ತದೆ. ಇನ್ನೊಂದು ಗೇಣು ಮುಂದೆ ಹೋಗಿ, ದಾರ ಅಡ್ಡಕ್ಕೆ ಬಿಗಿದು ನಿಲ್ಲುತ್ತದೆ. ಶೀಲ್ಡಿಂಗ್ ಇದ್ದಷ್ಟೂ ಸೆಳೆತ ಹತ್ತಿರವೇ ಅಡಗಿರುತ್ತದೆ, ಮುನ್ಸೂಚನೆ ಕಡಿಮೆ. ಈ ಆಟವನ್ನು ಲ್ಯಾಬಿನವರೇ ಮಾಡಿ ತೋರಿಸಲಿ, ಮಕ್ಕಳ ಕೈಗೆ ಮಾತ್ರ ಕೊಡಬಾರದು.

ಇಷ್ಟಾದರೂ ವಿಜ್ಞಾನ ದಿನಕ್ಕೆ ಬರುವವರನ್ನು ನೋಡಿಕೊಳ್ಳಲು ಯಾರಾದರೂ ಇರ್ತಾರೆ. ಎಸಿ ರಿಪೇರಿಗೆ ಸ್ಪ್ಯಾನರ್ ಚೀಲ ಹಿಡಿದು ಬರುವವರಿಗೆ, ಬೆಳಿಗ್ಗೆ ಆರಕ್ಕೆ ಗುಡಿಸಲು ಬರುವ ಹೊಸ ಹುಡುಗನಿಗೆ ಯಾರು ಹೇಳ್ತಾರೆ? ನನ್ನನ್ನು ಕೇಳಿದರೆ ಆ ರೂಮಿನ ಕೀ ಸೆಕ್ಯುರಿಟಿಯವರ ಗೊಂಚಲಿನಲ್ಲಿ ಇರಲೇಬಾರದು. ಕಸ ಒಂದು ದಿನ ಹಾಗೇ ಬಿದ್ದಿರಲಿ, ಲ್ಯಾಬಿನವರು ಬಂದು ಬೀಗ ತೆಗೆದ ಮೇಲೆ ಗುಡಿಸಿದರಾಯಿತು.